ಆಫ್‌ಶೋರ್ ಡ್ರಿಲ್ಲಿಂಗ್ ‘ಕಡಲ್ಕೊರೆತ’ವೇ? ಒಂದೆರಡು ಪದಗಳ ಬಗ್ಗೆ

ಘಾನಾ, ಉಗಾಂಡದಂಥ ದೇಶಗಳ ಅಧಿಕಾರಿಗಳಿಗೆ ನಾರ್ವೆಯವರು ತೈಲದ ವಿದ್ಯೆ ಕಲಿಸಿದ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮೊದಲನೆಯದು ಆಫ್‌ಶೋರ್ ಡ್ರಿಲ್ಲಿಂಗ್, ಅಂದರೆ ತೈಲಕ್ಕಾಗಿ ಕಡಲ ತಳವನ್ನು ಕೊರೆಯುವುದು. ‘ಕಡಲಾಚೆಯ ಕೊರೆತ’ ಎಂದು ಬರೆದುಕೊಂಡಿದ್ದೆ. ಕರಡು ಓದಿದ ಉಳ್ಳಾಲದ ಕಡೆಯ ಗೆಳೆಯ, “ಅಲ್ಲೂ ಮಳೆಗಾಲಕ್ಕೆ ಮನೆ ಕೊಚ್ಚಿಹೋಗ್ತದಾ?” ಎಂದ. ಕರಾವಳಿಯವರಿಗೆ ಕಡಲ್ಕೊರೆತ ಎಂದರೆ ಅಲೆ ದಂಡೆಯನ್ನು ತಿನ್ನುವುದು, ಕಲ್ಲು ಸುರಿದು ತಡೆಯಬೇಕಾದದ್ದು. (ಘಾನಾದ ಕೇಟಾ ಊರಿಗೆ ಆ ಕಾಟವೂ ಇದೆ. ಹಾಗಾಗಿ ಗೊಂದಲ ಇನ್ನೂ ಹೆಚ್ಚು!) ‘ಕಡಲಾಚೆ’ಯೂ ಮೋಸವೇ. ದುಬೈಗೆ ಹೋದ ಮಗ ಕಡಲಾಚೆ ಇದ್ದಾನೆ. ಮುಂಬೈ ದಂಡೆಯಿಂದ ಸುಮಾರು 160 ಕಿಲೋಮೀಟರ್ ದೂರದ ಬಾಂಬೆ ಹೈ ತೈಲಕ್ಷೇತ್ರ ಇರುವುದು ಕಡಲೊಳಗೆ. ಇನ್ನು ‘ಕೊರೆತದ ತರಬೇತಿ’ ಎಂದರೆ, ನಮ್ಮ ಭಾಷಣಕಾರರಿಗೆ ಅದು ಹುಟ್ಟಿನಿಂದಲೇ ಬಂದಿದೆಯಲ್ಲ ಎಂದು ನಗುವವರಿದ್ದಾರೆ.

ಬಾವಿ ತೋಡುತ್ತೇವೆ, ಬೋರ್ ಕೊರೆಸುತ್ತೇವೆ. ಕ್ರಿಯಾಪದ ಗಟ್ಟಿಯಾಗಿಯೇ ಇದೆ, ನಾಮಪದ ಮಾಡಲು ಹೋದಾಗಲೇ ಕೆಡುತ್ತದೆ. ‘ಕಡಲೊಳಗೆ ತೈಲಬಾವಿ ಕೊರೆಯುವುದು’ ಎಂದರೆ ಯಾರಿಗೂ ಅನುಮಾನ ಬಾರದು, ಆದರೆ ತಲೆಬರಹಕ್ಕೆ ಉದ್ದವಾಯಿತು. ‘ಕಡಲಬಾವಿ’ ನಡೆದೀತೇ? ರಿಗ್ಗನ್ನು ಮಾತ್ರ ಮುಟ್ಟಿಲ್ಲ. ಬೋರ್‌ವೆಲ್ ಲಾರಿಗಳ ಪುಣ್ಯದಿಂದ ಅದು ಊರೂರಿಗೂ ಗೊತ್ತು.

ಎರಡನೆಯದು ಟೆಕ್ನಿಕಲ್ ಕೋಆಪರೇಶನ್, ಅಂದರೆ ಒಂದು ದೇಶ ತನಗೆ ಗೊತ್ತಿರುವ ವಿದ್ಯೆಯನ್ನು ಇನ್ನೊಂದರೊಡನೆ ಹಂಚಿಕೊಳ್ಳುವುದು. ಪತ್ರಿಕೆಗಳಲ್ಲಿ ತಾಂತ್ರಿಕ ನೆರವು, ಸಹಕಾರ, ಸಹಯೋಗ ಮೂರನ್ನೂ ಮನಸ್ಸಿಗೆ ಬಂದಂತೆ ಬಳಸುತ್ತಾರೆ. ನನ್ನ ಕಿವಿಗೆ ‘ನೆರವು’ ಎಂದರೆ ಒಂದು ಕೈ ಮೇಲೆ, ಒಂದು ಕೈ ಕೆಳಗೆ. 1950ರ ದಶಕದಲ್ಲಿ ಸೋವಿಯತ್ ತಜ್ಞರು ಬಂದು ನಮ್ಮ ಸರ್ಕಾರಿ ತೈಲಸಂಸ್ಥೆ ಓಎನ್‌ಜಿಸಿಯವರಿಗೆ ತೈಲ ಹುಡುಕಲು ಕಲಿಸಿದ್ದಕ್ಕೆ ಅದು ಒಪ್ಪುತ್ತದೆ. ನಾರ್ವೆ 2005ರಲ್ಲಿ ಶುರುಮಾಡಿದ ‘ಅಭಿವೃದ್ಧಿಗಾಗಿ ತೈಲ’ ಕಾರ್ಯಕ್ರಮದ ಬಗೆ ಬೇರೆಯಾಗಿತ್ತು. ಅದರ ಕೆಲಸ ಸಂಪನ್ಮೂಲದ ಆಡಳಿತ, ತೈಲದ ಆದಾಯ, ಪರಿಸರ, ಸುರಕ್ಷತೆ ಇವುಗಳದ್ದಾಗಿತ್ತು. ಸರ್ಕಾರಿ ನೌಕರರು ಸರ್ಕಾರಿ ನೌಕರರೊಡನೆ ಕೂತು ಮಾಡುತ್ತಿದ್ದಂಥದ್ದು. ಅಲ್ಲದೆ ನಾರ್ವೆಯೂ ಹೊರಗಿನವರಿಂದ ಕಲಿತದ್ದೇ. ಅವರಿಗೆ ಮೊದಲ ದೊಡ್ಡ ತೈಲಕ್ಷೇತ್ರ ಎಕೋಫಿಸ್ಕ್ ಸಿಕ್ಕಿದ್ದು 1969ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಇರಾಕಿನಿಂದ ಬಂದ ಭೂವಿಜ್ಞಾನಿ ಫಾರೂಕ್ ಅಲ್-ಕಾಸಿಂ ಅಲ್ಲಿನ ತೈಲನೀತಿ ರೂಪಿಸಿದವರಲ್ಲಿ ಪ್ರಮುಖರು. ಇದನ್ನೆಲ್ಲ ನೆನೆದಾಗ ‘ಕೊಳುಕೊಡೆ’ ಎನ್ನಲು ಆಸೆಯಾಗುತ್ತದೆ. ಆದರೆ ಅಮ್ಮನ ಕಿವಿಗೆ ಬಿದ್ದರೆ “ಹೆಣ್ಣು ಯಾರ ಮನೆಯದು?” ಎಂದಾಳು. ‘ಸಹಕಾರ’ ಎಂದರೆ ನನಗೆ ಹಾಲಿನ ಸೊಸೈಟಿಯೇ ಕಣ್ಣಮುಂದೆ ಬರುತ್ತದೆ. ಸದ್ಯಕ್ಕೆ ‘ಸಹಯೋಗ’ ಎಂದೇ ಇಟ್ಟುಕೊಂಡಿದ್ದೇನೆ, ಸಮಾಧಾನವಿಲ್ಲದೆ.

ಕರಾವಳಿಯಿಂದ ಗಲ್ಫಿಗೆ ಹೋಗಿ ಕಡಲ ರಿಗ್ಗುಗಳಲ್ಲಿ ದುಡಿದವರು ರಜೆಗೆ ಬಂದಾಗ ತಮ್ಮ ಕೆಲಸವನ್ನು ಮನೆಯವರಿಗೆ ಏನೆಂದು ಹೇಳುತ್ತಿದ್ದರು? ತುಳು, ಬ್ಯಾರಿ, ಕೊಂಕಣಿ ಮಾತಾದರೂ ಸರಿ, ಕೇಳಿದವರು ತಿಳಿಸಿ.