ಹಾಯಿದೋಣಿಗೆ ಎಐಎಸ್: ಯಾವುದು ತಕ್ಕೊಳ್ಳುವುದು, ನಂಬರ್ ಎಲ್ಲಿಂದ?

(ದೋಣಿಯವರ ಗುಂಪಿನ ಮಾತುಕತೆ; ಸದಸ್ಯರ ಗುರುತು ಊರಿನ ಹೆಸರಲ್ಲಿ. ಎಐಎಸ್ ಎಂದರೆ ದೋಣಿಯ ಗುರುತು, ಜಾಗ, ವೇಗವನ್ನು ರೇಡಿಯೋದಲ್ಲಿ ಸುತ್ತಲಿನ ಹಡಗುಗಳಿಗೆ ತಿಳಿಸುವ ವ್ಯವಸ್ಥೆ.)

ಮಂಜೇಶ್ವರ: ಸರ್, 9 ಮೀಟರ್ ಹಾಯಿದೋಣಿಗೆ ಎಐಎಸ್ ಟ್ರಾನ್ಸ್‌ಪಾಂಡರ್ (ಕಳಿಸುವ, ಪಡೆಯುವ ಸೆಟ್) ಬೇಕು. ಸಣ್ಣ ದೋಣಿಗಳ ಕ್ಲಾಸ್ ಬಿಯಲ್ಲಿ 2 ವ್ಯಾಟಿನದ್ದೂ ಉಂಟು, 5 ವ್ಯಾಟಿನದ್ದೂ ಉಂಟು. ಯಾವುದು?

ರೇಡಿಯೋ ತಂತ್ರಜ್ಞ: 5 ವ್ಯಾಟಿನದ್ದು, ಎಸ್‌ಒಟಿಡಿಎಂಎ ಎಂಬ ವಿಧಾನದ್ದು. ಹಾಯಿಯ ವೇಗದಲ್ಲಿ ಎರಡೂ 30 ಸೆಕೆಂಡಿಗೊಮ್ಮೆಯೇ ಕಳಿಸುವುದು. ಆದರೆ 2 ವ್ಯಾಟಿನದ್ದು ಚಾನೆಲ್ ಖಾಲಿ ಇದ್ದರೆ ಮಾತ್ರ ಬಾಯಿ ತೆರೆಯುತ್ತದೆ, ಇನ್ನೊಂದು ತಾನು ಕಳಿಸುವ ಸಮಯದ ಸ್ಲಾಟ್ ಮೊದಲೇ ಕಾದಿರಿಸುತ್ತದೆ. ಮಾಸ್ಟಿನ ತುದಿಗೆ 20 ಮೀಟರ್ ಆರ್‌ಜಿ-58 ಕೇಬಲ್ ಎಳೆದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ದಾರಿಯಲ್ಲೇ ಹೋಯಿತು. ಅದಕ್ಕಿಂತ ದಪ್ಪದ ಆರ್‌ಜಿ-213 ಹಾಕಿ.

ಕುಂಬಳೆ: ಎಂಎಂಎಸ್‌ಐ, ಅಂದರೆ ದೋಣಿಯ ಒಂಬತ್ತು ಅಂಕೆಯ ರೇಡಿಯೋ ನಂಬರಿನ ಬಗ್ಗೆ ಒಂದು ಫಾರ್ವರ್ಡ್ ಬಂದಿದೆ: ‘ಲೈಸೆನ್ಸಿಗೆ ಕಾಯಬೇಡಿ, 419ರ ನಂತರ ದೋಣಿ ನೋಂದಣಿಯ ಆರು ಅಂಕೆ ಒತ್ತಿದರೆ ಸಾಕು.’ ನನ್ನದು ಸೆಕೆಂಡ್ ಹ್ಯಾಂಡ್ ಸೆಟ್, ಒಳಗೆ ಯಾವುದೋ ನಂಬರ್ ಇದೆ. ಹಾಗೇ ಓಡಿಸಬಹುದಾ?

ರೇಡಿಯೋ ತಂತ್ರಜ್ಞ: ಓಡಿಸಬೇಡಿ! ಸೈಲೆಂಟ್ ಸ್ವಿಚ್ ಇದ್ದರೆ ಈಗಲೇ ಹಾಕಿ. ಬೇರೆ ಹಡಗು ನಿಮಗೆ ಕಾಣುತ್ತದೆ, ನಿಮ್ಮಿಂದ ಏನೂ ಹೋಗುವುದಿಲ್ಲ. 419 ಭಾರತದ ಸಂಕೇತ, ಉಳಿದ ಆರು ಅಂಕೆ ಸರ್ಕಾರ ಕೊಡಬೇಕು. ನೀವು ಊಹಿಸಿದ್ದು ಇನ್ನೊಬ್ಬನದ್ದಾಗಿದ್ದರೆ ಒಂದೇ ನಂಬರಿಗೆ ಎರಡು ದೋಣಿ. ಹಡಗಿನ ಪರದೆಯಲ್ಲಿ ಗುರುತು ಅಲ್ಲಿಂದ ಇಲ್ಲಿಗೆ ಜಿಗಿಯುತ್ತದೆ. ಅಪಾಯದ ಕೆಂಪು ಗುಂಡಿ ಇರುವ ಡಿಎಸ್‌ಸಿ ವಿಎಚ್‌ಎಫ್ ರೇಡಿಯೋಕ್ಕೂ ಅದೇ ಎಂಎಂಎಸ್‌ಐ. ಕೆಂಪು ಗುಂಡಿ ಒತ್ತಿದರೆ ರಕ್ಷಣೆಯವರು ಹುಡುಕುವುದು ಯಾರದ್ದೋ ದೋಣಿಯನ್ನು.
ದಾರಿ ಇದು: ದೋಣಿಯ ನೋಂದಣಿ ಪತ್ರ ಇಟ್ಟುಕೊಂಡು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲಿನಲ್ಲಿ ರೇಡಿಯೋ ಪರವಾನಗಿಗೆ ಅರ್ಜಿ. ಹಳೇ ನಂಬರನ್ನು ಡೀಲರ್ ಅಳಿಸಬೇಕು. ಹೆಚ್ಚಿನ ಸೆಟ್‌ಗಳಲ್ಲಿ ಬಳಸುವವನಿಗೆ ಒಂದೇ ಸಲ ಬರೆಯಲು ಬಿಡುತ್ತದೆ. ಹೊಸದು ಹಾಕುವಾಗ ದೋಣಿಯ ವಿಧದ ಸಂಖ್ಯೆಯೂ ಹಾಕಬೇಕು: 36 ಹಾಯಿಗೆ, 30 ಮೀನುಗಾರಿಕೆಗೆ. ಜಿಪಿಎಸ್ ಆಂಟೆನಾ ಮುಂಭಾಗ, ಹಿಂಭಾಗ, ಎಡ, ಬಲದಿಂದ ಎಷ್ಟು ಮೀಟರ್ ಎಂದು ಅಳೆದು ಹಾಕಿ, ಸೊನ್ನೆ ಬಿಡಬೇಡಿ.

ನೀಲೇಶ್ವರ: ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ಇಸ್ರೋದ ಪೆಟ್ಟಿಗೆ ಫ್ರೀ ಸಿಗ್ತದಲ್ಲ.

ಮಂಜೇಶ್ವರ: ಅದು ಮೀನುಗಾರಿಕಾ ಬೋಟಿಗೆ ಅಣ್ಣ. ಉಪಗ್ರಹಕ್ಕೆ ಕಳಿಸುವುದು. ಎದುರಿನ ಟ್ಯಾಂಕರಿಗೆ ಕಾಣುವುದಿಲ್ಲ.

ನೀಲೇಶ್ವರ: ಕಾಣದಿದ್ದರೆ ಒಳ್ಳೆಯದೇ. ಕಂಡರೆ ನಮ್ಮ ಮೀನಿನ ಜಾಗಕ್ಕೆ ಊರೆಲ್ಲ ಬರ್ತದೆ.

ಮಂಜೇಶ್ವರ: ರಾತ್ರಿ ಡಿಕ್ಕಿ ಹೊಡೆದರೆ ಮೀನು ಯಾರಿಗೆ?

ನೀಲೇಶ್ವರ: ಹಾಯಿ ಬಿಡುವುದು ನಿಮಗೆ ಮೋಜು, ನಮಗೆ ಹೊಟ್ಟೆಪಾಡು. ಉಪದೇಶ ಬೇಡ.

ಉಪ್ಪಳ: ಬೆಲೆ ಎಷ್ಟು? ಇನ್ಶೂರೆನ್ಸಿನವರು ಕೇಳ್ತಾರಾ?

ತಲಂಗರ: ವಿಎಚ್‌ಎಫ್ ಆಂಟೆನಾಕ್ಕೇ ಟಿ-ಕನೆಕ್ಟರ್ ಹಾಕಿ ವಿಎಚ್‌ಎಫ್, ಎಐಎಸ್ ಎರಡನ್ನೂ ಜೋಡಿಸಬಹುದು ಅಂತ ವಿಡಿಯೋ ಬಂದಿದೆ.

ರೇಡಿಯೋ ತಂತ್ರಜ್ಞ: ವಿಡಿಯೋ ಮಾಡಿದವನೇ ಹೊಸ ಸೆಟ್ ತೆಗೆದುಕೊಡ್ತಾನಾ? ವಿಎಚ್‌ಎಫ್‌ನ 25 ವ್ಯಾಟ್ ನೇರ ಎಐಎಸ್‌ನ ರಿಸೀವರಿಗೆ ನುಗ್ಗಿ ಸುಡುತ್ತದೆ. ಎಐಎಸ್‌ಗೆಂದೇ ಬರುವ ಸ್ಪ್ಲಿಟರ್ ಹಾಕಿ, ಇಲ್ಲವೇ ಬೇರೆ ಆಂಟೆನಾ. ಆಂಟೆನಾ ಇಲ್ಲದೆ ಕರೆಂಟ್ ಕೊಡಬೇಡಿ.

ಉಪ್ಪಳ: ಕ್ಲಾಸ್ ಬಿ ಸಾಕಾ ಸರ್? 5 ವ್ಯಾಟಾ?

ರೇಡಿಯೋ ತಂತ್ರಜ್ಞ: ಮೇಲೆ ಓದಿ.

ತಲಂಗರ: ಫೋನಿನ ಆ್ಯಪ್ ಇದ್ದರೆ ಇದೆಲ್ಲ ಬೇಡವಂತೆ...

ರೇಡಿಯೋ ತಂತ್ರಜ್ಞ: ಆ್ಯಪ್ ತೋರಿಸುತ್ತದೆ, ಕಳಿಸುವುದಿಲ್ಲ. ದಡ ಬಿಟ್ಟ ಮೇಲೆ ನೆಟ್ ಎಲ್ಲುಂಟು? ಕುಂಬಳೆಯವರೇ, ಸೈಲೆಂಟ್ ಮಾಡಿದಿರಾ?

ಕುಂಬಳೆ: ಮಾಡಿದೆ. ಮಾರಿದವನು ಫೋನ್ ತೆಗೆಯುವುದಿಲ್ಲ.

ರೇಡಿಯೋ ತಂತ್ರಜ್ಞ: ಸೀರಿಯಲ್ ನಂಬರಿನ ಫೋಟೋ ತೆಗೆದು ತಯಾರಕರ ಡೀಲರಿಗೇ ಬರೆಯಿರಿ. ಖರೀದಿ ಚೀಟಿ ಸಿದ್ಧ ಇಟ್ಟುಕೊಳ್ಳಿ.