ಭ್ರಷ್ಟ, ನೀತಿಗೇಡಿ: ಎರಡೂ ಒಂದೇನಾ?

ಭ್ರಷ್ಟ ಅನ್ನೋ ಪದ ಈಗ ಎಷ್ಟು ಸಣ್ಣದಾಗಿಬಿಟ್ಟಿದೆ ಅಲ್ವಾ? ಒಂದು ಬರಹದಲ್ಲಿ ಒಬ್ಬನ ಬಗ್ಗೆ 'ಮನಸ್ಸು ಭ್ರಷ್ಟವಾಯಿತು' ಅಂತ ಬರೆದಿದ್ದೆ. ಓದಿದ ಗೆಳೆಯರೊಬ್ಬರು, 'ಅವನು ಲಂಚ ತಗೊಂಡಿದ್ದು ಎಲ್ಲಿ ಬರುತ್ತೆ?' ಅಂತ ಕೇಳಿದರು. ನಾನು ದುಡ್ಡಿನ ಮಾತೇ ಎತ್ತಿರಲಿಲ್ಲ.

ಸಂಸ್ಕೃತದಲ್ಲಿ ಇದರ ಮೂಲ 'ಭ್ರಂಶ್', ಅಂದರೆ ಜಾರು, ಬೀಳು. ಇದ್ದ ಜಾಗದಿಂದ ಜಾರಿದವನು ಭ್ರಷ್ಟ. ಪದವಿ ಹೋದ ರಾಜ ಪದಭ್ರಷ್ಟ. ಭಗವದ್ಗೀತೆಯ 6ನೇ ಅಧ್ಯಾಯದಲ್ಲಿ ಯೋಗಭ್ರಷ್ಟ ಬರುತ್ತಾನೆ. ಅವನು ಕೆಟ್ಟವನೇ ಅಲ್ಲ, ಯೋಗದ ದಾರಿಯಲ್ಲಿ ಗುರಿ ಮುಟ್ಟದೆ ನಡುವೆ ಜಾರಿದವನು ಅಷ್ಟೇ, ಮುಂದಿನ ಜನ್ಮದಲ್ಲಿ ಒಳ್ಳೆಯವರ ಮನೆಯಲ್ಲೇ ಹುಟ್ಟುತ್ತಾನೆ ಅಂತ ಅಲ್ಲಿ ಹೇಳಿದೆ. 'ಅಪಭ್ರಂಶ'ವೂ ಇದೇ ಬೇರಿನದು. ಹಸುವಿಗೆ 'ಗೌಃ' ಅನ್ನೋ ಬದಲು ಜನ 'ಗಾವೀ', 'ಗೋಣೀ' ಅಂದರೆ ಅವು ಅಪಭ್ರಂಶ ಅಂತ ಸಂಸ್ಕೃತ ವ್ಯಾಕರಣಕಾರ ಪತಂಜಲಿ ಬರೆದಿದ್ದಾನೆ. ಮಾತು ಜಾರಿದರೂ ಅದೇ ಪದ, ನಡತೆ ಜಾರಿದರೂ ಅದೇ ಪದ.

ಇನ್ನು 'ನೀತಿಗೇಡಿ'ಯ ಒಳಗಿರೋ ನಮ್ಮ 'ಕೆಡು'. ನನಗೆ ಜಾಸ್ತಿ ಹಿಡಿಸೋದು ಇದೇ. ಹಳಗನ್ನಡದಲ್ಲಿ 'ಕಿಡು' ಅಂತಲೂ ಇದೆ, ಹಾಳಾಗು, ಇಲ್ಲವಾಗು ಅಂತ ಅರ್ಥ. ಸುಡು, ಸುಟ್ಟ ಇದ್ದ ಹಾಗೆ ಕೆಡು, ಕೆಟ್ಟ. ಪಡು ಪಾಡಾದ ಹಾಗೆ ಕೆಡು ಕೇಡಾಯಿತು. ತಮಿಳಲ್ಲೂ ಕೆಡು, ಕೇಡು ಎರಡೂ ಇವೆ. ಹಾಲು ಕೆಡುತ್ತೆ, ಯಂತ್ರ ಕೆಡುತ್ತೆ, ಹೊಟ್ಟೆ ಕೆಡುತ್ತೆ, ಮನುಷ್ಯನೂ ಕೆಡುತ್ತಾನೆ. 'ಕೆಟ್ಟ ಮೇಲೆ ಬುದ್ಧಿ ಬಂತು' ಅನ್ನೋ ಗಾದೆಯಲ್ಲಿ 'ಕೆಟ್ಟ' ಅಂದರೆ ದುಷ್ಟ ಅಂತ ಅಲ್ಲ, ಹಾಳಾದ ಅಂತ. ಹಾಳಾದದ್ದನ್ನು ಹೇಳೋ ಪದವೇ ಆಮೇಲೆ ದುಷ್ಟನಿಗೂ ನಿಂತಿತು. 'ಅವನು ಕೆಟ್ಟ' ಅಂದರೆ ಈಗಲೂ ಎರಡು ಅರ್ಥ ಬರುತ್ತೆ, ಕೊನೆಗೆ 'ವನು' ಸೇರಿಸಿ 'ಅವನು ಕೆಟ್ಟವನು' ಅಂದಾಗ ಮಾತ್ರ ಒಂದೇ.

ಭ್ರಷ್ಟ ಅಂದರೆ ಬಿದ್ದದ್ದು. ಬೀಳೋದು ಒಂದು ಕ್ಷಣದ ಕೆಲಸ. ಕೆಡೋದು ಹಾಗಲ್ಲ, ಒಳಗಿಂದ ಮೆಲ್ಲಗೆ ಆಗುವಂಥದ್ದು, ಹೊರಗೆ ವಾಸನೆ ಬರೋ ಹೊತ್ತಿಗೆ ತಡವಾಗಿರುತ್ತೆ. ನಾನು ಹೇಳಬೇಕಿದ್ದದ್ದು ಈ ಎರಡನೆಯದು. ಅದಕ್ಕೇ ಭ್ರಷ್ಟ ತೆಗೆದು 'ನೀತಿಗೇಡಿ' ಹಾಕಿದೆ.

ಆದರೆ ಅಲ್ಲೇ ಇನ್ನೊಂದು ಗೊಂದಲ ಶುರುವಾಯಿತು. ನೀತಿ, ಕೇಡು ಸೇರಿ ನೀತಿಗೇಡು, ಅದರಿಂದ ನೀತಿಗೇಡಿ. ಬುದ್ಧಿಗೇಡಿ ಅಂದರೆ ಬುದ್ಧಿ ಕೆಟ್ಟವನು. ಕುಲಗೇಡಿ ಅಂದರೆ ಕುಲವನ್ನು ಕೆಡಿಸುವವನು. ಒಂದು ಕಡೆ ಕೆಟ್ಟವನು, ಇನ್ನೊಂದು ಕಡೆ ಕೆಡಿಸುವವನು! ಹಾಗಿದ್ದರೆ ನೀತಿಗೇಡಿ ಯಾವ ಸಾಲಿಗೆ ಸೇರುತ್ತಾನೆ? ನನ್ನ ಕಿವಿಗೆ ಬುದ್ಧಿಗೇಡಿಯ ಸಾಲೇ ಸರಿ ಅನಿಸುತ್ತೆ. ನಿಮ್ಮ ಕಡೆ ಮಾತಿನಲ್ಲಿ ಇದನ್ನು ಇನ್ನೊಬ್ಬರ ನೀತಿ ಕೆಡಿಸುವವನಿಗೂ ಬಳಸ್ತಾರಾ?