ಪದಚರ್ಚೆ: ಶಾಸನಸಭೆ ಕೊಟ್ಟದ್ದು ಮಾನ್ಯತೆಯೋ, ಮನ್ನಣೆಯೋ, ಬರಿಯ ಮೆಚ್ಚುಗೆಯೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಕಾಗದವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾದ ಕಾಗದ ಅದು. ಅಲ್ಲಿನ ಒಂದು ಊರಿನಲ್ಲಿ ಸರ್ಕಾರಿ ಶಾಲೆಗಳಿಗಾಗಿ ಜನರಿಂದ ಹಣ ಕೂಡಿಸಿ, ಶಿಕ್ಷಕರು ಕೇಳಿದ ಪುಸ್ತಕ, ಪ್ರಯೋಗದ ಸಾಮಾನುಗಳನ್ನು ಒದಗಿಸುವ ಪ್ರತಿಷ್ಠಾನವೊಂದಿದೆ. ನನ್ನ ನಾದಿನಿ ಅಲ್ಲಿ ಸ್ವಯಂಸೇವಕಿ. ಆ ಭಾಗದ ಶಾಸಕರು ಸದನದಲ್ಲಿ ಪ್ರತಿಷ್ಠಾನವನ್ನು ಹೆಸರಿಸಿ ಹೊಗಳಿದ್ದಾರೆ. ಹೊಗಳಿಕೆ ಮೊಹರಿನೊಂದಿಗೆ ಕಾಗದವಾಗಿ ಬಂದಿದೆ. ಮಧುಗಿರಿಯಲ್ಲಿರುವ ಅವಳ ತಾಯಿಗೆ, ಎಂದರೆ ನನ್ನ ಅತ್ತೆಯವರಿಗೆ, ಅದನ್ನು ಕನ್ನಡದಲ್ಲಿ ಓದಲು ಕೊಡಬೇಕು. ಅತ್ತೆಯವರು ಸರ್ಕಾರಿ ಪ್ರಾಥಮಿಕ ಶಾಲೆಯ ನಿವೃತ್ತ ಮುಖ್ಯ ಶಿಕ್ಷಕಿ. ಅರ್ಥವಾಗದ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಹಿಂದಿರುಗಿಸುವ ಅಭ್ಯಾಸ ಅವರಿಗೆ ಇನ್ನೂ ಹೋಗಿಲ್ಲ.

ತೊಡಕು ಮೊದಲ ಕ್ರಿಯಾಪದದಲ್ಲಿಯೇ ಇದೆ. ಮಗಳು ಫೋನಿನಲ್ಲಿ ‘ನಮ್ಮ ಪ್ರತಿಷ್ಠಾನವನ್ನು ಹೌಸ್‌ನಲ್ಲಿ ರೆಕಗ್ನೈಜ್ ಮಾಡಿದರು’ ಎಂದಿದ್ದಾಳೆ. ಅತ್ತೆಯವರು ಅದನ್ನು ತಮ್ಮ ಕನ್ನಡಕ್ಕೆ ತಂದುಕೊಂಡು ನನ್ನನ್ನು ಕೇಳಿದರು: ‘ಹಾಗಾದರೆ ಇಷ್ಟು ವರ್ಷ ಮಾನ್ಯತೆ ಇಲ್ಲದೆಯೇ ನಡೆಸುತ್ತಿದ್ದರೇ, ಅಳಿಯಂದಿರೇ? ಇನ್ನಾದರೂ ಅನುದಾನ ಬರುತ್ತದೆಯೋ?’

ಅವರ ದೃಷ್ಟಿಯಿಂದ ಎರಡೂ ನ್ಯಾಯವಾದ ಪ್ರಶ್ನೆಗಳೇ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ನೆರಳಿನಲ್ಲಿ ಬದುಕಿದ ಯಾರಿಗೇ ಆಗಲಿ, ಶಾಲೆಯ ಸಂದರ್ಭದಲ್ಲಿ ‘ಮಾನ್ಯತೆ’ ಎಂದರೆ ಬೇರೆ ಅರ್ಥ ಹೊಳೆಯುವುದಿಲ್ಲ. ಮಾನ್ಯತೆ ನವೀಕರಣ, ಮಾನ್ಯತೆ ರದ್ದು, ಮಾನ್ಯತೆ ಪಡೆಯದ ಶಾಲೆ, ಹೀಗೆ. ಶಾಲೆಯ ಹೊರಗೂ ಇದೇ ಕಥೆ: ಮಾನ್ಯತೆ ಪಡೆದ ರಾಜಕೀಯ ಪಕ್ಷ, ಮಾನ್ಯತೆ ಪಡೆದ ಪತ್ರಕರ್ತ. ಇಲ್ಲೆಲ್ಲ ಕೊಡುವವರ ಕೈಯಲ್ಲಿ ಕಿತ್ತುಕೊಳ್ಳುವ ಅಧಿಕಾರವೂ ಇರುತ್ತದೆ. ಟೆಕ್ಸಾಸಿನ ಕಾಗದದಲ್ಲಿ ಅಂಥದ್ದೇನೂ ಇಲ್ಲ. ಅದು ಪರವಾನಗಿಯಲ್ಲ, ಕಾನೂನಲ್ಲ, ಹಣದ ಮಾತಂತೂ ಇಲ್ಲವೇ ಇಲ್ಲ. ಆದ್ದರಿಂದ ‘ಮಾನ್ಯತೆ’ ಇಲ್ಲಿ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರನಾಡಿನ ಕನ್ನಡ ಸಂಘಗಳ ಸುದ್ದಿಯಲ್ಲಿ ಈ ಪದ ಹೀಗೆಯೇ ನುಸುಳುವುದನ್ನು ನೀವೂ ಕಂಡಿರಬಹುದು. ಒಬ್ಬ ಮೇಯರ್ ಸಹಿ ಹಾಕಿದ ಅಭಿನಂದನೆಯ ಹಾಳೆ ಇಲ್ಲಿನ ಪತ್ರಿಕೆಗೆ ಬರುವಷ್ಟರಲ್ಲಿ ‘ಅಮೆರಿಕದಲ್ಲಿ ಕನ್ನಡಕ್ಕೆ ಮಾನ್ಯತೆ’ ಎಂದಾಗಿರುತ್ತದೆ.

‘ಮನ್ನಣೆ’ ಹತ್ತಿರದ್ದು. ಲೋಕಮನ್ನಣೆ, ರಾಜಮನ್ನಣೆ ಎರಡೂ ನಮಗೆ ಹಳೆಯವು. ‘ಮನ್ನಣೆ ರದ್ದಾಯಿತು’ ಎಂದು ಯಾರೂ ಹೇಳುವುದಿಲ್ಲ, ಅದೂ ಅನುಕೂಲವೇ. ಆದರೆ ಮನ್ನಣೆ ದೊರೆಯುವಂಥದ್ದು, ಗಳಿಸುವಂಥದ್ದು. ಒಂದು ದಿನ ಒಂದು ಸಭೆ ಕೈಯೆತ್ತಿ ಹೊರಡಿಸುವಂಥದ್ದಲ್ಲ. ಕ್ರಿಯಾಪದ ಮಾಡಲು ಹೋದರಂತೂ ಪಜೀತಿ. ‘ಪ್ರತಿನಿಧಿ ಸಭೆಯು ಪ್ರತಿಷ್ಠಾನವನ್ನು ಮನ್ನಿಸುತ್ತದೆ’ ಎಂದು ಬರೆದರೆ, ಪಾಪ, ಅವರು ಏನು ತಪ್ಪು ಮಾಡಿದ್ದರು ಎಂದು ಅತ್ತೆಯವರು ಕೇಳುತ್ತಾರೆ. ಕ್ಷಮಿಸುವ ಅರ್ಥ ‘ಮನ್ನಿಸು’ವನ್ನು ಪೂರಾ ನುಂಗಿಬಿಟ್ಟಿದೆ.

‘ಗುರುತಿಸು’ ಎಂದು ಕೆಲವರು ಹೇಳಬಹುದು. ‘ಅವರ ಸೇವೆಯನ್ನು ಗುರುತಿಸಿ’ ಎಂಬ ಮಾತು ಸನ್ಮಾನ ಪತ್ರಗಳಲ್ಲಿ ಎಷ್ಟು ಬೇರೂರಿದೆಯೆಂದರೆ ಈಗ ಅದನ್ನು ಆಕ್ಷೇಪಿಸುವುದರಲ್ಲಿ ಅರ್ಥವಿಲ್ಲ. ಆದರೂ ಗಮನಿಸಿ: ಆ ಪದಕ್ಕೆ ಯಾವಾಗಲೂ ಜೊತೆ ಬೇಕು. ಗುರುತಿಸಿ ಸನ್ಮಾನಿಸಿದರು, ಗುರುತಿಸಿ ಪ್ರಶಸ್ತಿ ನೀಡಿದರು. ‘ಸಭೆಯು ಪ್ರತಿಷ್ಠಾನವನ್ನು ಗುರುತಿಸಿತು’ ಎಂದು ನಿಲ್ಲಿಸಿದರೆ ಪೊಲೀಸರು ಆರೋಪಿಯನ್ನು ಗುರುತಿಸಿದಂತೆ ಕೇಳುತ್ತದೆ.

ಪದ ಆರಿಸುವ ಮುನ್ನ ಆ ಕಾಗದ ಹುಟ್ಟುವ ಬಗೆಯನ್ನೂ ಹೇಳಬೇಕು. ಟೆಕ್ಸಾಸಿನ ಪ್ರತಿನಿಧಿ ಸಭೆಯಲ್ಲಿ 150 ಸದಸ್ಯರು, ಮೇಲ್ಮನೆಯಾದ ಸೆನೆಟ್‌ನಲ್ಲಿ 31. ಸಾಮಾನ್ಯ ಅಧಿವೇಶನ ನಡೆಯುವುದು ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳಲ್ಲಿ. ಹೆಚ್ಚೆಂದರೆ 140 ದಿನ. ಬಜೆಟ್, ಮಸೂದೆಗಳ ಗದ್ದಲದ ನಡುವೆ ಅಭಿನಂದನೆ ಮತ್ತು ಸಂತಾಪದ ನಿರ್ಣಯಗಳಿಗೆಂದೇ ಪ್ರತ್ಯೇಕ ಕಾರ್ಯಸೂಚಿ ಇರುತ್ತದೆ. ಗೆದ್ದ ಫುಟ್‌ಬಾಲ್ ತಂಡ, ನಿವೃತ್ತರಾದ ಮುಖ್ಯೋಪಾಧ್ಯಾಯರು, ನೂರು ತುಂಬಿದ ಅಜ್ಜಿ, ಗ್ರಂಥಾಲಯಕ್ಕೆ ದುಡಿದ ಗೆಳೆಯರ ಬಳಗ, ಎಲ್ಲರೂ ಅದರಲ್ಲಿ ಬರುತ್ತಾರೆ. ಗ್ಯಾಲರಿಯಲ್ಲಿ ಕುಳಿತವರು ಎದ್ದು ನಿಲ್ಲುತ್ತಾರೆ, ಸದಸ್ಯರು ಚಪ್ಪಾಳೆ ತಟ್ಟುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ವಿರೋಧವೆಂಬುದು ಸಾಮಾನ್ಯವಾಗಿ ಇರುವುದಿಲ್ಲ, ಓದಿ ನೋಡುವುದೂ ಅಷ್ಟಕ್ಕಷ್ಟೇ.

ಇದನ್ನು ಬಯಲು ಮಾಡಿದ ಪ್ರಸಂಗವೊಂದಿದೆ. 1971ರ ಏಪ್ರಿಲ್ 1ರಂದು ವೇಕೊ ಕ್ಷೇತ್ರದ ಸದಸ್ಯ ಟಾಮ್ ಮೂರ್ ಅವರು ಆಲ್ಬರ್ಟ್ ಡಿಸಾಲ್ವೊ ಎಂಬಾತನನ್ನು ಪ್ರಶಂಸಿಸುವ ನಿರ್ಣಯ ಮಂಡಿಸಿದರು. ಜನಸಂಖ್ಯೆಯ ನಿಯಂತ್ರಣ ಮತ್ತು ಅನ್ವಯಿಕ ಮನೋವಿಜ್ಞಾನದಲ್ಲಿ ಆತ ಅಸಾಮಾನ್ಯ ವಿಧಾನಗಳನ್ನು ಬಳಸಿದ್ದಾನೆ, ಮ್ಯಾಸಚೂಸೆಟ್ಸ್ ರಾಜ್ಯವು ಅದನ್ನು ಅಧಿಕೃತವಾಗಿ ರೆಕಗ್ನೈಜ್ ಮಾಡಿದೆ ಎಂದೆಲ್ಲ ಅದರಲ್ಲಿತ್ತು. ಸಭೆ ಸರ್ವಾನುಮತದಿಂದ ಒಪ್ಪಿತು. ಡಿಸಾಲ್ವೊ ಯಾರೆಂದರೆ, ಬಾಸ್ಟನ್ನಿನಲ್ಲಿ ಹೆಂಗಸರನ್ನು ಕತ್ತು ಹಿಸುಕಿ ಕೊಂದದ್ದಾಗಿ ಒಪ್ಪಿಕೊಂಡು ಸೆರೆಮನೆಯಲ್ಲಿದ್ದವನು! ಸದಸ್ಯರು ಏನನ್ನೂ ಓದದೆ ಮತ ಹಾಕುತ್ತಾರೆಂದು ತೋರಿಸುವುದಷ್ಟೇ ಮೂರ್ ಅವರ ಉದ್ದೇಶವಾಗಿತ್ತು. ತೋರಿಸಿ, ನಿರ್ಣಯವನ್ನು ಹಿಂದಕ್ಕೆ ಪಡೆದರು. ಆ ಹಳೆಯ ತಮಾಷೆಯ ಜೀವವೆಲ್ಲ ಇದೇ ಕ್ರಿಯಾಪದದಲ್ಲಿದೆ. ರೆಕಗ್ನೈಜ್ ಎಂದರೆ ಹೊಗಳುವುದೂ ಹೌದು, ಪೊಲೀಸರು ಪತ್ತೆಹಚ್ಚುವುದೂ ಹೌದು. ನಮ್ಮ ‘ಗುರುತಿಸು’ ಆ ಒಂದು ವಾಕ್ಯಕ್ಕೆ ಹೇಳಿ ಮಾಡಿಸಿದಂತಿದೆ. ನನ್ನ ಕಾಗದಕ್ಕಲ್ಲ.

ಇಷ್ಟು ಹಗುರಾದ ಕಾಗದಕ್ಕೆ ಭಾರದ ಪದ ಹೊರಿಸಬಾರದು. ಶ್ಲಾಘನೆ, ಪ್ರಶಂಸೆ, ಅಭಿನಂದನೆ ಎಲ್ಲವೂ ನಡೆಯುತ್ತವೆ. ‘ವಂದನಾ ನಿರ್ಣಯ’ ನಡೆಯುವುದಿಲ್ಲ. ಅದು ರಾಜ್ಯಪಾಲರ ಭಾಷಣಕ್ಕೆ ಮೀಸಲು. ಅಭಿನಂದನೆ ಗೆದ್ದವರಿಗೆ, ಆಯ್ಕೆಯಾದವರಿಗೆ ಹೆಚ್ಚು ಒಪ್ಪುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಮಾಡಿದ ಕೆಲಸಕ್ಕೆ ‘ಮೆಚ್ಚುಗೆ’ಯೇ ಸರಿ ಎಂದು ನನಗೆ ತೋರುತ್ತದೆ. ಮೆಚ್ಚುವವರು ಮೇಲಿನವರೇ ಆಗಬೇಕೆಂದಿಲ್ಲ, ಮೆಚ್ಚಿದ ಮೇಲೆ ಏನನ್ನಾದರೂ ಕೊಡಲೇಬೇಕೆಂದೂ ಇಲ್ಲ.

ಮೆಚ್ಚುಗೆಯ ಮುಂದೆ ಏನು? ನಿರ್ಣಯವೋ, ಗೊತ್ತುವಳಿಯೋ, ಠರಾವೋ? ಬೆಳಗಾವಿ, ಧಾರವಾಡದ ಕಡೆಯವರು ಠರಾವು ಪಾಸು ಮಾಡುತ್ತಾರೆ. ಮರಾಠಿಯಿಂದ ಬಂದ ಪದ ಅಲ್ಲಿ ಪಂಚಾಯಿತಿಯ ಕಟ್ಟೆಯವರೆಗೂ ಇಳಿದಿದೆ. ಮಧುಗಿರಿಯಲ್ಲಿ ಅದು ಪರಕೀಯ. ನಿರ್ಣಯ ಎಲ್ಲರಿಗೂ ತಿಳಿಯುತ್ತದೆ, ಆದರೆ ಅದು ಒಂದು ತಕರಾರು ಇತ್ತು, ಅದು ಬಗೆಹರಿಯಿತು ಎಂಬಂತೆ ಕೇಳುತ್ತದೆ. ನನ್ನ ಒಲವು ಗೊತ್ತುವಳಿಯ ಕಡೆಗೆ. ‘ಗೊತ್ತು’ ಎಂದರೆ ಈಗ ತಿಳಿದಿರುವುದು ಎಂದಷ್ಟೇ ಅರ್ಥ ಉಳಿದಂತಿದ್ದರೂ ಹಳೆಯ ಅರ್ಥ ಬದುಕಿಯೇ ಇದೆ: ಮದುವೆ ಗೊತ್ತಾಯಿತು, ಗೊತ್ತುಪಡಿಸಿದ ದಿನ, ಗೊತ್ತುಗುರಿ. ನಾಲ್ಕು ಜನ ಕೂತು ಇದು ಹೀಗೆ ಎಂದು ನಿಲ್ಲಿಸಿದ್ದು ಗೊತ್ತು. ಅದಕ್ಕೆ ‘-ವಳಿ’ ಸೇರಿದರೆ ಸಭೆಯ ಮಾತು. ನಡವಳಿ, ನಿಲುವಳಿ, ಗೊತ್ತುವಳಿ: ನಮ್ಮ ಸದನದ ಕಲಾಪಕ್ಕೆ ಒದಗಿದ ಈ ಮೂರು ಪದಗಳು ಒಂದೇ ಅಚ್ಚಿನವು. ಸಂಸ್ಕೃತದ ಮೊರೆಹೋಗದೆ ಇಷ್ಟು ಗಂಭೀರವಾಗಿ ಮಾತನಾಡಬಹುದೆಂದು ತೋರಿಸಿದ ಆ ಹಿಂದಿನ ಅನುವಾದಕರು ಯಾರೋ, ಅವರಿಗೆ ಒಂದು ಮೆಚ್ಚುಗೆಯ ಗೊತ್ತುವಳಿ ಸಲ್ಲಬೇಕು.

ಇನ್ನು ಬಂಧದ ಪ್ರಶ್ನೆ. ಮೂಲದಲ್ಲಿ ಇಡೀ ಕಾಗದವೇ ಒಂದು ವಾಕ್ಯ. ಪ್ರತಿ ಪರಿಚ್ಛೇದವೂ ‘ವೇರ್‌ಆಸ್’, ಎಂದರೆ ‘ಹೀಗಿರುವುದರಿಂದ’, ಎಂದು ಶುರುವಾಗಿ, ಕೊನೆಗೆ ‘ಆದಕಾರಣ ಸಭೆಯು ಗೊತ್ತುಮಾಡಿತು’ ಎಂಬಲ್ಲಿಗೆ ಮುಟ್ಟುತ್ತದೆ. ನಮ್ಮ ಅಧಿನಿಯಮಗಳ ಕನ್ನಡದಲ್ಲಿ ಇದಕ್ಕೆ ಸಿದ್ಧ ರೂಪವಿದೆ: ‘...ತಿದ್ದುಪಡಿ ಮಾಡುವುದು ಯುಕ್ತವಾಗಿರುವುದರಿಂದ;’. ಕಾಯ್ದೆಯಲ್ಲಿ ಒಂದೇ ಒಂದು ‘ಇರುವುದರಿಂದ’ ಬರುತ್ತದೆ, ಸಹಿಸಬಹುದು. ಇಲ್ಲಿ ಪ್ರತಿಷ್ಠಾನ ಹುಟ್ಟಿರುವುದರಿಂದ, ಹಣ ಕೂಡಿಸಿರುವುದರಿಂದ, ಶಿಕ್ಷಕರಿಗೆ ನೆರವಾಗಿರುವುದರಿಂದ ಎಂದು ಪುಟ ತುಂಬ ಹರಿದರೆ ಓದುವವರ ಉಸಿರು ಕಟ್ಟುತ್ತದೆ. ಕನ್ನಡದಲ್ಲಿ ಕಾರಣ ಹೇಳುವ ಪ್ರತ್ಯಯ ವಾಕ್ಯದ ಬಾಲದಲ್ಲಿರುತ್ತದೆ. ಇಂಗ್ಲಿಷಿನಂತೆ ಮೊದಲೇ ಕೈತೋರಿಸಿ ಕರೆದೊಯ್ಯುವುದಿಲ್ಲ.

ನನಗೆ ಹೊಳೆದ ದಾರಿ ಸರ್ಕಾರಿ ಆದೇಶದ್ದು. ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂಬ ತಲೆಬರಹದ ಹಾಳೆಯಲ್ಲಿ ವಿಷಯ, ಓದಲಾಗಿದೆ, ಪ್ರಸ್ತಾವನೆ, ಆಮೇಲೆ ಆದೇಶ ಎಂಬ ಕ್ರಮವಿರುತ್ತದೆ. ಕಾರಣಗಳೆಲ್ಲ ಪ್ರಸ್ತಾವನೆಯಲ್ಲಿ ಬಿಡಿಬಿಡಿ ವಾಕ್ಯಗಳಾಗಿ ನಿಲ್ಲುತ್ತವೆ. ನಾನು ಹಾಗೆಯೇ ‘ಪ್ರಸ್ತಾವನೆ’ ಎಂದು ಒಂದು ಭಾಗ, ‘ಗೊತ್ತುವಳಿ’ ಎಂದು ಇನ್ನೊಂದು ಭಾಗ ಮಾಡಿದ್ದೇನೆ. ಕೊನೆಯ ಸಾಲು ಸದ್ಯಕ್ಕೆ ಹೀಗಿದೆ: ‘ಈ ಗೊತ್ತುವಳಿಯ ಅಧಿಕೃತ ಪ್ರತಿಯನ್ನು ಟೆಕ್ಸಾಸ್ ಪ್ರತಿನಿಧಿ ಸಭೆಯ ಆದರದ ಕುರುಹಾಗಿ ಪ್ರತಿಷ್ಠಾನಕ್ಕೆ ಸಿದ್ಧಪಡಿಸಿ ಕೊಡತಕ್ಕದ್ದು.’ ‘ಕೊಡತಕ್ಕದ್ದು’ ಎಂಬಲ್ಲಿ ಕಚೇರಿಯ ವಾಸನೆ ಇದೆ. ಇರಲಿ, ಅದು ಕಚೇರಿಯ ಕಾಗದವೇ.

ಇದೇ ಕ್ರಮ ನಮ್ಮ ಶಿಲಾಶಾಸನಗಳಲ್ಲಿಯೂ ಇದೆಯಲ್ಲ ಎಂದು ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಮೊದಲು ಪ್ರಶಸ್ತಿ, ಎಂದರೆ ಹೊಗಳಿಕೆ, ಆಮೇಲೆ ದತ್ತಿ. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಕ್ರಿ.ಶ. 1058ರ ಶಾಸನ ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ ಅಧ್ಯಾಪಕರನ್ನು, ವಿದ್ಯಾರ್ಥಿಗಳನ್ನು, ಪುಸ್ತಕ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರನ್ನು ಕೂಡ ಲೆಕ್ಕಕ್ಕೆ ಹಿಡಿದು ವ್ಯವಸ್ಥೆ ಮಾಡುತ್ತದೆ. ಹೊಗಳಿದ ಮೇಲೆ ಕೊಡಲೂ ಬೇಕೆಂಬುದು ಅಲ್ಲಿನ ನಿಯಮ. ಅನುದಾನ ಬರುತ್ತದೆಯೋ ಎಂದು ಕೇಳಿದ ಅತ್ತೆಯವರು ಆ ಪರಂಪರೆಗೆ ಸೇರಿದವರು.

ಉಳಿದ ಎರಡು ಪದಗಳಲ್ಲಿ ಒಂದು ಚಿಕ್ಕದು. ಟೆಕ್ಸಾಸಿನಲ್ಲಿ ‘ಸ್ಕೂಲ್ ಡಿಸ್ಟ್ರಿಕ್ಟ್’ಗಳು ಸಾವಿರಕ್ಕೂ ಹೆಚ್ಚು; ಚುನಾಯಿತ ಆಡಳಿತ ಮಂಡಳಿ ಇರುವ, ಆಸ್ತಿ ತೆರಿಗೆ ವಿಧಿಸುವ ಸಂಸ್ಥೆಗಳು ಅವು. ‘ಶಾಲಾ ಜಿಲ್ಲೆ’ ಎಂದರೆ ಅತ್ತೆಯವರು ಅದನ್ನು ಶೈಕ್ಷಣಿಕ ಜಿಲ್ಲೆ ಎಂದೇ ಓದುತ್ತಾರೆ. ಮಧುಗಿರಿ ಸ್ವತಃ ಒಂದು ಶೈಕ್ಷಣಿಕ ಜಿಲ್ಲೆ, ಶಿರಸಿ, ಚಿಕ್ಕೋಡಿಗಳ ಹಾಗೆ. ಅಲ್ಲಿ ಇಲಾಖೆಯ ಉಪನಿರ್ದೇಶಕರು ಕೂರುತ್ತಾರೆ, ತೆರಿಗೆ ಎತ್ತುವುದಿಲ್ಲ. ನಾನು ‘ಊರಿನ ಶಾಲಾ ಮಂಡಳಿ’ ಎಂದು ಬರೆದು ಮುಂದೆ ಸಾಗಿದ್ದೇನೆ.

ನಿಜವಾಗಿ ನಿಮ್ಮ ನೆರವು ಬೇಕಾದದ್ದು ‘ಕಮ್ಯುನಿಟಿ’ಗೆ. ನಿಘಂಟು ‘ಸಮುದಾಯ’ ಎನ್ನುತ್ತದೆ. ಆದರೆ ಈಗಿನ ಪತ್ರಿಕೆ ತೆರೆದು ನೋಡಿ: ಲಿಂಗಾಯತ ಸಮುದಾಯ, ಒಕ್ಕಲಿಗ ಸಮುದಾಯ, ಕುರುಬ ಸಮುದಾಯ, ಸಮುದಾಯದ ಮುಖಂಡರು, ಸಮುದಾಯಕ್ಕೆ ಸಚಿವ ಸ್ಥಾನ. ಜಾತಿ ಎಂದು ಬಾಯಿಬಿಟ್ಟು ಹೇಳಲು ಸಂಕೋಚವಾದಾಗ ಬಳಸುವ ಮರೆಯ ಪದವಾಗಿ ಅದು ನಿಂತುಹೋಗಿದೆ. ‘ಸಮುದಾಯದ ಒಳಿತಿಗಾಗಿ ದುಡಿದ ಪ್ರತಿಷ್ಠಾನ’ ಎಂದು ಬರೆದರೆ, ಯಾವ ಸಮುದಾಯ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಮಾಜ ಎಂದರೂ ಅದೇ ಗತಿ, ‘ಸಮಾಜ ಬಾಂಧವರು’ ಎಂಬ ಮಾತು ಕೇಳಿಲ್ಲವೇ? ‘ಸಾರ್ವಜನಿಕ’ ಎಂದರೆ ಸರ್ಕಾರದ್ದೆನ್ನುವ ಭಾವ ಬರುತ್ತದೆ. ‘ನೆರೆಹೊರೆ’ ತೀರ ಕಿರಿದು, ಪಕ್ಕದ ನಾಲ್ಕು ಮನೆಗಳಿಗೆ ಮುಗಿಯುತ್ತದೆ. ಬರೀ ‘ಊರು’ ಎಂದರೆ ಬಹುಪಾಲು ಸರಿಹೋಗುತ್ತದೆ: ಊರಿನವರೆಲ್ಲ ಸೇರಿ, ಊರಿಗಾಗಿ ದುಡಿದ. ಆದರೆ ಮೂಲದಲ್ಲಿ ವಿಶೇಷಣವಾಗಿ ಬಂದಲ್ಲೆಲ್ಲ ಊರು ಕೈಕೊಡುತ್ತದೆ.

ಅಂಥಲ್ಲಿ ‘ಊರೊಟ್ಟಿನ ಕೆಲಸ’ ಎಂಬ ಮಾತನ್ನು ಇಡೋಣ ಎಂದುಕೊಂಡಿದ್ದೇನೆ. ಊರೊಟ್ಟಿನ ಹಬ್ಬ, ಊರೊಟ್ಟಿನ ಕೆಲಸ ಎಂದರೆ ಒಬ್ಬರದ್ದಲ್ಲದ, ಎಲ್ಲರೂ ಕೈಹಾಕಬೇಕಾದ ಕೆಲಸ. ಕಮ್ಯುನಿಟಿಯ ಜೊತೆಗೆ ಬರುವ ಆ ಇನ್ನೊಂದು ಹಟಮಾರಿ ಇಂಗ್ಲಿಷ್ ಪದ ‘ಕಾಸ್’, ಎಂದರೆ ಜನ ಸೇರಿ ದುಡಿಯುವ ಉದ್ದೇಶ, ಕೂಡ ಇದರಲ್ಲಿಯೇ ಅಡಗುತ್ತದೆ. ‘ಒಳ್ಳೆಯ ಕಾರಣಕ್ಕಾಗಿ ಓಟ’ ಎಂದು ಮ್ಯಾರಥಾನ್ ಫಲಕಗಳಲ್ಲಿ ಕಾಣುವ ಕನ್ನಡದಿಂದಲೂ ಪಾರಾಗಬಹುದು. ಅನುಮಾನ ಒಂದೇ: ಟೆಕ್ಸಾಸಿನ ಶಾಸನಸಭೆಯ ಬಾಯಲ್ಲಿ ‘ಊರೊಟ್ಟಿನ’ ಎಂಬುದು ತೀರ ಅರಳಿಕಟ್ಟೆಯ ಮಾತಾಗಿ ಕೇಳುತ್ತದೆಯೇ? ನಾದಿನಿಗೆ ಹಾಗೆನ್ನಿಸಿದೆ, ಅತ್ತೆಯವರಿಗೆ ಇನ್ನೂ ತೋರಿಸಿಲ್ಲ.

ದಕ್ಷಿಣ ಕನ್ನಡ, ಕಾಸರಗೋಡು, ಬೀದರ್ ಕಡೆಯವರು ಈ ಅರ್ಥಕ್ಕೆ ಏನೆನ್ನುತ್ತೀರಿ? ಸಹಕಾರ ಸಂಘದ ಅಥವಾ ಗ್ರಾಮ ಪಂಚಾಯಿತಿಯ ಹಳೆಯ ನಡವಳಿ ಪುಸ್ತಕ ನೋಡಿದವರು ಯಾರಾದರೂ ಇದ್ದರೆ, ಶಾಲೆಗೆ ಜಾಗ ಬಿಟ್ಟುಕೊಟ್ಟವರನ್ನೋ ಕೆರೆ ದುರಸ್ತಿ ಮಾಡಿಸಿದವರನ್ನೋ ಹೊಗಳಿ ಗೊತ್ತುವಳಿ ಬರೆದದ್ದುಂಟೇ, ಉಂಟಾದರೆ ಯಾವ ಕ್ರಿಯಾಪದ ಬಳಸಿದ್ದಾರೆ ಎಂಬುದನ್ನು ಆ ಸಾಲಿನ ಸಮೇತ ಬರೆದು ಕಳುಹಿಸಿ.